ಕಾಣೆಯಾದ ಮೂರು ಸಂಖ್ಯೆಗಳು

ಮಧ್ಯಾಹ್ನ ಮೂರಕ್ಕೆ ಕೊಟ್ಟ ಇಂಜೆಕ್ಷನ್ ರೋಗಿಯ ಉಸಿರನ್ನೇ ಕಟ್ಟಿಹಾಕಿತು. ವಾರ್ಡಿನ ಡಾಕ್ಟರು ಓಡಿಬಂದು ಹೇಗೋ ಜೀವ ಉಳಿಸಿದರು. ನಿವೃತ್ತ ಮೇಷ್ಟ್ರಾದ ಆ ರೋಗಿಗೆ ಆ ಔಷಧಿ ಒಗ್ಗುವುದಿಲ್ಲ. ಬೆಳಿಗ್ಗೆ ದಾಖಲಾಗುವಾಗಲೇ ಹೆಂಡತಿ ಹೇಳಿದ್ದರು. ಆದರೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಆ ಮಾತೇ ಇಲ್ಲ!

ದಾಖಲಾತಿ ಕೋಣೆಯ ಹಿರಿಯ ನರ್ಸ್ ಮೇಲೆ ಆರೋಪ ಬಂತು. ಇಪ್ಪತ್ತೆರಡು ವರ್ಷ ದುಡಿದ ಹೆಸರು ಒಂದೇ ಸಂಜೆಗೆ ಮಣ್ಣುಪಾಲಾಗುವುದರಲ್ಲಿತ್ತು.

ಮರುದಿನ ಬೆಳಿಗ್ಗೆ ತನಿಖೆಯ ಅಧಿಕಾರಿಣಿ ಬಂದರು. ಮಾತು ಕಡಿಮೆ, ಕಣ್ಣು ಚುರುಕು.

"ನೀವು ಬರೆದಿದ್ರಾ?"

"ಬರೆದಿದ್ದೆ ಮೇಡಂ," ನರ್ಸ್ ಅಂದರು. "ಮತ್ತೆ ತೆಗೆದೂ ನೋಡಿದೆ. ಕೆಂಪಕ್ಷರದಲ್ಲಿ ಇತ್ತು. ಎರಡಕ್ಕೆ ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋದೆ."

"ಸುಳ್ಳು!" ಡಾಕ್ಟರು ಸಿಡುಕಿದರು. "ಹನ್ನೊಂದಕ್ಕೇ ವಾರ್ಡಿನ ಕಂಪ್ಯೂಟರಲ್ಲಿ ನೋಡಿದೀನಿ. ಏನೂ ಇರ್ಲಿಲ್ಲ."

"ನೋಡಿದ್ರೋ, ನೋಡಿದೆ ಅಂತೀರೋ?" ಅಧಿಕಾರಿಣಿ ಕೇಳಿದರು.

ಡಾಕ್ಟರ ಮುಖ ಕೆಂಪಾಯಿತು.

ಕಂಪ್ಯೂಟರುಗಳ ಉಸ್ತುವಾರಿಯವನು ನರ್ಸನ್ನು ಅಕ್ಕ ಎಂದೇ ಕರೆಯುತ್ತಿದ್ದವನು. ಮೆಲ್ಲಗೆ ಬಾಯಿಬಿಟ್ಟ. "ಅಕ್ಕ ಸೇವ್ ಒತ್ತೋದು ಮರೆತಿರ್ಬೇಕು ಮೇಡಂ. ಬೇಕಂತ ಮಾಡಿಲ್ಲ, ಪಾಪ."

"ಯಾರಾದ್ರೂ ಅಳಿಸಿದ್ರೆ?"

"ಗುರುತು ಉಳಿಯತ್ತೆ. ಒಂದೂ ಇಲ್ಲ, ನೋಡಿ."

ಅಧಿಕಾರಿಣಿ ನಿನ್ನೆಯ ನಮೂದುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಬೆರಳು ಕ್ರಮಸಂಖ್ಯೆಗಳ ಸಾಲಿನಲ್ಲಿ ಒಂದು ಕಡೆ ನಿಂತಿತು.

"೪೧೧೭. ಅದಾದ ಮೇಲೆ ೪೧೨೧. ನಡುವಿನ ಮೂರು ಎಲ್ಲಿ?"

"ನಾನೇನೂ ಮುಟ್ಟಿಲ್ಲ!" ಉಸ್ತುವಾರಿಯವನು ತಟ್ಟನೆ ಅಂದ.

"ಮುಟ್ಟಿದೀರಿ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿಕೊಳ್ತೀರಿ?"

ಅಧಿಕಾರಿಣಿ ಪಟ್ಟಿಯನ್ನು ಎಲ್ಲರ ಕಡೆ ತಿರುಗಿಸಿದರು.

"ಎಲ್ಲರೂ ಕಾಣೆಯಾದ ನಮೂದನ್ನು ಹುಡುಕಿದ್ರಿ. ಸಂಖ್ಯೆ ನೋಡ್ಲಿಲ್ಲ," ಅಧಿಕಾರಿಣಿ ಹೇಳಿದರು. "ಸೇವ್ ಒತ್ತದಿದ್ರೆ ಸಂಖ್ಯೆ ಹುಟ್ಟಲ್ಲ. ಹುಟ್ಟಿದೆ. ಅಳಿಸಿದ ಗುರುತೂ ಇಲ್ಲ. ಅಂದ್ರೆ ಬರೆದದ್ದು ಖಾಯಂ ಆಗಲೇ ಇಲ್ಲ. ಪ್ರತಿ ಬರಹವನ್ನೂ ತಾನಾಗಿ ಖಾಯಂ ಮಾಡೋ ಏರ್ಪಾಡಿಗೆ ಆಟೋ ಕಮಿಟ್ ಅಂತಾರೆ. ನಿನ್ನೆ ಮುಖ್ಯ ಕಂಪ್ಯೂಟರಿನ ಜೊತೆ ನರ್ಸ್ ಕಂಪ್ಯೂಟರಿಗಿದ್ದ ಸಂಪರ್ಕದಲ್ಲಿ ಅದು ಆಫ್ ಆಗಿತ್ತು. ಖಾಯಂ ಆಗದ ಬರಹ ಬರೆದ ಸಂಪರ್ಕಕ್ಕೆ ಮಾತ್ರ ಕಾಣತ್ತೆ, ವಾರ್ಡಿಗೆ ಕಾಣಲ್ಲ. ಕಂಪ್ಯೂಟರ್ ಆಫ್ ಆದಾಗ ಸಂಪರ್ಕ ಕಡಿಯಿತು, ಬರಹ ರದ್ದಾಯ್ತು. ಒಮ್ಮೆ ಕೊಟ್ಟ ಸಂಖ್ಯೆ ಮಾತ್ರ ಹಿಂದಕ್ಕೆ ಬರಲ್ಲ. ನರ್ಸ್, ಡಾಕ್ಟರು ಇಬ್ಬರೂ ಕಂಡದ್ದನ್ನೇ ಹೇಳಿದಾರೆ."

"ಈಗ ಆನ್ ಇದೆಯಲ್ಲ?" ಡಾಕ್ಟರು ಕೇಳಿದರು.

"ನಿನ್ನೆ ಮೂರೂವರೆಗೆ ಆನ್ ಆಗಿದೆ. ಆ ಏರ್ಪಾಡಿನ ಫೈಲಿನಲ್ಲೇ ಬದಲಾಯಿಸಿದ ಸಮಯ ಇದೆ. ಎಲ್ರೂ ರೋಗಿ ಹತ್ರ ಓಡಿದಾಗ ನರ್ಸ್ ಕೋಣೆಗೆ ಓಡಿದವರು ಯಾರು?" ಅವರು ಉಸ್ತುವಾರಿಯವನ ಕಡೆ ತಿರುಗಿದರು. "ನೀವೇ. ಆ ಏರ್ಪಾಡು ಬದಲಿಸೋ ಅಧಿಕಾರ ಬೇರೆ ಯಾರಿಗೂ ಇಲ್ಲ."

ಅವನು ಕುರ್ಚಿಗೆ ಕುಸಿದ. "ಬೆಳಿಗ್ಗೆ ಹೊಸ ಪ್ರೋಗ್ರಾಂ ಪರೀಕ್ಷೆಗೆ ಆಫ್ ಮಾಡಿದ್ದೆ... ಮರೆತುಬಿಟ್ಟೆ. ಕೆಲಸ ಹೋಗತ್ತೆ ಅಂತ ಭಯ ಆಯ್ತು."

"ಮರೆತದ್ದು ತಪ್ಪು. ಗೊತ್ತಿದ್ದೂ ಇವರ ತಲೆಗೆ ಕಟ್ಟಿದ್ದು ಅಪರಾಧ."

"ಅಕ್ಕಾ—"

ನರ್ಸ್ ಅವನ ಕಡೆ ನೋಡಲಿಲ್ಲ. ಆಗಲೇ ಎದ್ದು ನಿಂತಿದ್ದರು.

"ಮೂರು ಹೋಗಿದೆ ಅಂದ್ರಲ್ಲ ಮೇಡಂ? ಅದರಲ್ಲಿ ಒಬ್ಬ ಅಜ್ಜಿಗೂ ಇದೇ ಔಷಧಿ ಒಗ್ಗಲ್ಲ. ವಾರ್ಡಲ್ಲಿ ಇದು ಇಂಜೆಕ್ಷನ್ ಹೊತ್ತು!"

ಅವರು ಓಡಿದರು. ಡಾಕ್ಟರು ಬೆನ್ನಿಗೇ ಓಡಿದರು.

ಅಜ್ಜಿಯ ಮಂಚದ ಪಕ್ಕ ಸೂಜಿ ಇನ್ನೂ ಟ್ರೇಯಲ್ಲೇ ಇತ್ತು.