ಇಲ್ಲಿ ಕಾಲು ಸಿಗುತ್ತದೆ

"ಅಜ್ಜಿ, ಇಲ್ಲಿ ಕಾಲು ಸಿಗುತ್ತಂತಲ್ಲ? ಒಂದು ಕೊಡಿ."

ಒಂದು ಕಾಲು ಮುರಿದ ಸ್ಟೂಲನ್ನು ತಲೆಯ ಮೇಲೆ ಹೊತ್ತು ಬಂದಿದ್ದರು ಟೈಲರ್ ಮಾಮ.

ಪಟಪಟಿ ಕೌಂಟರಿನ ಹಿಂದೆ ಅಡಗಿಕೊಂಡಳು. ಸದಾ ಪಟಪಟ ಮಾತಾಡುತ್ತಾಳೆಂದು ಅವಳಿಗೆ ಆ ಹೆಸರು. ಮೂರು ದಿನದಿಂದ ಮಾತ್ರ ಆ ಬಾಯಿಗೆ ಬೀಗ ಬಿದ್ದಿತ್ತು.

ಆಗಿದ್ದಿಷ್ಟು. 'ಇಲ್ಲಿ ಕಾಲುಚೀಲ ಸಿಗುತ್ತದೆ' ಎಂಬ ನಿಯಾನ್ ಬೋರ್ಡು ಅಜ್ಜ ಹಾಕಿಸಿದ್ದು. ಹಳತಾಗಿ ಮಿಣಮಿಣ ಎನ್ನುತ್ತಿತ್ತು. ರಿಪೇರಿಗೆ ಬಂದ ನಿಯಾನ್ ಅಕ್ಕ ಏಣಿಯ ಮೇಲಿಂದ 'ಚೀಲ' ಇಳಿಸಿಕೊಟ್ಟಳು. ಅದು ಪಟಪಟಿಯ ಕೈಜಾರಿ ಫಳ್ಳೆಂದು ಪುಡಿಯಾಯಿತು.

"ಹೊಸ ಗಾಜಿನ ಕೊಳವೆ ಕಾಯಿಸಿ, ಬಗ್ಗಿಸಿ, ಗ್ಯಾಸ್ ತುಂಬೋಕೆ ಮೂರು ದಿನ ಬೇಕು," ಎಂದು ಅಕ್ಕ ಉಳಿದ ಅಕ್ಷರಗಳಿಗೆ ವಯರ್ ಜೋಡಿಸಿ ಹೋದಳು.

"ಅಲ್ಲಿವರೆಗೆ ಆರಿಸಿಬಿಡೋಣ ಅಜ್ಜಿ," ಎಂದು ಪಟಪಟಿ ಗೋಗರೆದಳು.

"ಆರಿಸಿದ್ರೆ ಅಂಗಡಿ ಮುಚ್ಚಿದೆ ಅಂದ್ಕೋತಾರೆ. ಉರೀಲಿ ಬಿಡು."

ಉರಿಯಿತು, ಕೆಂಪಗೆ. 'ಇಲ್ಲಿ ಕಾಲು ಸಿಗುತ್ತದೆ.' ಯಾರೋ ಮಂಚದ ಕಾಲು ಕೇಳಿದರು. ಒಂದು ಮಗು ಕುಂಟು ಗೊಂಬೆ ತಂದಿತು. ಕ್ಲಾಸಿನಲ್ಲಂತೂ, "ಎಡಗಾಲು ಎಷ್ಟೇ? ಡಿಸ್ಕೌಂಟ್ ಇದ್ಯಾ?"

"ಸ್ಟಾಕ್ ಬಂದಾಗ ಹಾಕಿಡಿ," ಎಂದು ಟೈಲರ್ ಮಾಮ ಸ್ಟೂಲನ್ನು ಗೋಡೆಗೊರಗಿಸಿ ಹೊರಟರು.

ಬೆನ್ನಿಗೇ ಊರುಗೋಲಿನ ಟಕ್ ಟಕ್ ಸದ್ದು. ಒಬ್ಬ ತಾತ ಬೋರ್ಡು ಓದಿ ಒಳಗೆ ಬಂದರು. ಅವರ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನವರೆಗೆ ಮಡಚಿ ಪಿನ್ ಹಾಕಿತ್ತು.

ಪಟಪಟಿ ಕೌಂಟರಿನ ಹಿಂದಿನಿಂದ ಎದ್ದು ನಿಂತಳು. ತಾತ ಸ್ಟೂಲಿನತ್ತ ಕೈ ಚಾಚಿದರು.

"ಕೂರಬೇಡಿ ತಾತ! ಅದಕ್ಕೂ ಒಂದು ಕಾಲಿಲ್ಲ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ತಾತ ಸ್ಟೂಲು ನೋಡಿದರು, ತಮ್ಮ ಪ್ಯಾಂಟು ನೋಡಿಕೊಂಡರು. ಊರುಗೋಲು ಅಲುಗುವಷ್ಟು ನಕ್ಕರು.

"ಬೋರ್ಡು ಒಡೆದಿದ್ದು ನಾನೇ ತಾತ. ನಿಮಗೆ ಬೇಜಾರು ಮಾಡ್ಬೇಕು ಅಂತ ಅಲ್ಲ..." ಪಟಪಟಿಯ ಕಣ್ಣು ತುಂಬಿತು.

"ಬೇಜಾರಾ? ದಿನಾ ಇದೇ ದಾರೀಲಿ ಹೋಗ್ತೀನಿ. ಒಳಗೆ ಬರೋಣ ಅನ್ನಿಸಿದ್ದು ಈ ಬೋರ್ಡು ನೋಡಿದ ಮೇಲೇ! ಕಾಲು ಬೇಡ, ಕಾಲುಚೀಲ ತೋರಿಸು. ಒಂಟಿ ಒಂಟಿ ಇದ್ಯಾ? ಜೋಡಿ ತಗೊಂಡ್ರೆ ಎರಡು ದಿನ ಒಂದೇ ಬಣ್ಣ. ಬೋರು!"

ಅಜ್ಜಿಯ ಮುಖ ಅರಳಿತು. ಜೋಡಿ ಕಳೆದುಹೋದ ಕಾಲುಚೀಲಗಳನ್ನು ಎಸೆಯಲು ಮನಸ್ಸು ಬಾರದೆ ಅವರು ಒಂದು ಡ್ರಾಯರ್ ತುಂಬ ಇಟ್ಟಿದ್ದರು. ತಾತ ಏಳು ಆರಿಸಿದರು. ಪಟ್ಟೆಯದು, ಚುಕ್ಕಿಯದು, ಬಾತುಕೋಳಿಯದು.

ಅಷ್ಟರಲ್ಲಿ ನಿಯಾನ್ ಅಕ್ಕ ಬಂದು ಏಣಿ ಹತ್ತಿದಳು. "ಪಟಪಟಿ, 'ಚೀಲ' ಎತ್ತಿಕೊಡು."

"ನಾನಾ? ಬೇಡಪ್ಪಾ!"

"ಕೊಡಮ್ಮ," ಎಂದರು ತಾತ. "ಬಿದ್ರೆ ಇನ್ನೂ ಮೂರು ದಿನ ಕಾಲು ಮಾರಿದ್ರಾಯ್ತು."

ಪಟಪಟಿಗೆ ನಗು ಉಕ್ಕಿತು. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿಕೊಟ್ಟಳು.

ತಾತ ಬಾತುಕೋಳಿಯ ಕಾಲುಚೀಲವನ್ನು ಅಲ್ಲೇ ಹಾಕಿಕೊಂಡು ಹೊರಟರು. ಹಳದಿ ಬಾತುಕೋಳಿ ಬೀದಿಯ ತಿರುವು ದಾಟುವವರೆಗೂ ಪಟಪಟಿ ನೋಡುತ್ತ ನಿಂತಳು. ಮಡಚಿದ ಪ್ಯಾಂಟಿನ ಕಡೆ ತನ್ನ ಕಣ್ಣು ಹೋಗಲೇ ಇಲ್ಲವೆಂಬುದು ಅವಳಿಗೆ ಆಮೇಲೆ ಹೊಳೆಯಿತು.