ಎಡಕ್ಕೆ ವಾಲಿದ ಬೆನ್ನು

"ಲತೀಶ್, ನಿಮ್ಮ ಬೆನ್ನಿಗೆ ಎಂತ ಆಗಿದೆ? ನಿಜ ಹೇಳಿ."

"ಎಂತದೂ ಇಲ್ಲ ಮಾರಾಯ್ರೆ" ಎಂದು ನಕ್ಕ. ಆ ನಗು ಕಂಡರೆ ಕೇಳಬೇಕಾದ್ದೇ ಮರೆತುಹೋಗುತ್ತದೆ, ಹಾಳಾದ್ದು!

ಮುಂಬೈ ಪಕ್ಕದ ಖಾರಘರದ ಲ್ಯಾಬಿನಲ್ಲಿ ನಾನು ಕಂಪ್ಯೂಟರಿನೊಳಗೆ ಬೆನ್ನೆಲುಬು ಕಟ್ಟುವವಳು. ಲೋಕಲ್ ರೈಲಿನಲ್ಲಿ ನಿಂತು ಹೋಗುವವರ ಬೆನ್ನಿಗೆ ಎಷ್ಟು ಭಾರ ಬೀಳುತ್ತದೆ ಎಂಬುದೇ ನನ್ನ ಪಿಎಚ್‌ಡಿ. ಪಕ್ಕದ ಆಫೀಸಿನ ಲತೀಶ ನನ್ನ ಹಾಗೆಯೇ ಡೊಂಬಿವಲಿಯಿಂದ ಅದೇ ರೈಲಿನಲ್ಲಿ ಬರುವವನು. ಶರ್ಟಿನೊಳಗೆ ಬೆನ್ನಿನ ಬಾಗು ಅಳೆಯುವ ಸೆನ್ಸರ್ ಅಂಟಿಸಿಕೊಳ್ಳಲು ಒಪ್ಪಿದ್ದ. ಅದನ್ನು ಕೊಡಲು ಬಂದಾಗ ಚಾ, ಚಾದ ಜೊತೆ ಹರಟೆ. ಇದು ಪ್ರೀತಿಯೋ ಬರೀ ಉಪಕಾರವೋ, ನನಗೊಂದೂ ತಿಳಿಯುತ್ತಿರಲಿಲ್ಲ.

ಈಗ ಗೈಡ್ ಹಯಗ್ರೀವ ಸರ್ ಹೇಳಿಬಿಟ್ಟಿದ್ದರು: "ಪ್ರಣೀತಾ, ಇವನ ಡೇಟಾ ನಿಮ್ಮ ಮಾಡೆಲ್‌ಗೆ ಹೊಂದೋದೇ ಇಲ್ಲ. ತೆಗೆದುಹಾಕಿ, ಬೇರೆಯವರನ್ನ ನೋಡಿ." ಆಮೇಲೆ ಅವನು ಇಲ್ಲಿಗೆ ಬರುವುದಾದರೂ ಯಾಕೆ?

ವಿಚಿತ್ರವೆಂದರೆ, ಎದೆಗೆ ಬ್ಯಾಗ್ ಹಾಕಿ ನಿಂತ ದಿನಗಳಲ್ಲಿ ಅವನ ಬೆನ್ನು ಮಾಡೆಲ್ ಹೇಳಿದಷ್ಟೇ ಬಾಗುತ್ತಿತ್ತು. ಕೆಲವು ದಿನ ಮಾತ್ರ ಬಿಲ್ಲಿನಂತೆ ಎಡಕ್ಕೆ ವಾಲುತ್ತಿತ್ತು.

"ಏನಾದ್ರೂ ಭಾರ ಹೊತ್ತಿದ್ರಾ? ನೋವುಂಟಾ?"

"ಇಲ್ಲ ಅಂದೆ ಅಲ್ವಾ?"

"ಮತ್ತೆ ಸುಮ್ನೆ ಬಾಗ್ತದಾ?"

ಅವನು ಮುಖ ತಿರುಗಿಸಿದ. ಕಿವಿ ಕೆಂಪಾಗಿತ್ತು. ಸುಳ್ಳ, ಎಂದುಕೊಂಡೆ.

ಸಿಟ್ಟಿನಲ್ಲೇ ಸಿಮ್ಯುಲೇಶನ್‌ಗೆ ಬಲಗಡೆ ಹಿಂದಿನಿಂದ ಜೋರಾಗಿ ಒಂದು ನೂಕು ಕೊಟ್ಟೆ. ಪರದೆಯ ಬೆನ್ನು ಬಾಗಿ ಕುಸಿಯಿತು. ಮುಂದೆ ಕೈಯೂರಲು ಒಂದು ಗೋಡೆ ಇಟ್ಟೆ. ಈ ಸಲ ಸೆನ್ಸರಿನ ಗೆರೆಯೂ ಮಾಡೆಲ್‌ನ ಗೆರೆಯೂ ಒಂದಾದವು.

ಗೋಡೆಗೂ ಆ ಬೆನ್ನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಅಯ್ಯೋ ದೇವರೇ, ಆ ಜಾಗ ನನಗೆ ಗೊತ್ತಿತ್ತು! ಲೇಡೀಸ್ ಡಬ್ಬ ತಪ್ಪಿ ಜನರಲ್‌ಗೆ ಹತ್ತಿದಾಗಲೆಲ್ಲ ಠಾಣೆಯವರೆಗೆ ಡಬ್ಬದ ಗೋಡೆಗೊರಗಿ ನಾನು ನಿಂತದ್ದು ಅಲ್ಲೇ. ಅವನ ಬ್ಯಾಗ್ ಕಾಲಡಿ, ಎರಡು ಕೈ ನನ್ನ ತಲೆಯ ಆಚೀಚೆ, ಇಡೀ ಡಬ್ಬದ ನೂಕು ಅವನ ಬೆನ್ನಿಗೆ. ಇವತ್ತು ರಶ್ ಕಡಿಮೆ ಎಂದು ನಾನು, ಪೆದ್ದಿ, ಖುಷಿಪಟ್ಟಿದ್ದೆ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಜನರಲ್‌ಗೆ ಹತ್ತುದೇ ಬಿಡ್ತಿದ್ರಿ."

"ಬೆನ್ನು ಮುರಿದಿದ್ರೆ?"

"ನಿಮ್ಗೆ ಯಾರೂ ತಾಗ್ಬಾರ್ದು ಅಂತ..."

ನಿಜ. ಆ ನೂಕಿನಲ್ಲೂ ಅವನ ಅಂಗಿಯ ತೋಳು ಸಹ ನನ್ನನ್ನು ಮುಟ್ಟಿರಲಿಲ್ಲ. ಅದಕ್ಕೇ ಅಲ್ಲವೇ ಇವನಿಗೆ ನಾನು ಇಷ್ಟವೇ ಇಲ್ಲವೇನೋ ಎಂದು ನಾನು ಒಳಗೊಳಗೇ ಬೇಯುತ್ತಿದ್ದದ್ದು!

"ನೀವೂ ತಾಗ್ಬಾರ್ದಾ?"

ಅವನು ಮೇಜು ನೋಡುತ್ತಾ ನಿಂತ. "ಕೇಳದೆ ಹೇಗೆ?"

"ಹಾಗಾದ್ರೆ ಕೇಳಿ ಮಾರಾಯ್ರೆ!"