ಸಿಯೆನಾದಲ್ಲಿ ಅಂದ ‘ಬೇಡ’

“ಬಿಸ್ಕತ್ತು?”

ಅವನು ಡಬ್ಬಿ ಚಾಚಿದ. ಊರ್ಮಿಳಾಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಮೈಸೂರಿನ ಮರ್ಯಾದಸ್ಥರ ಮನೆಯ ಹುಡುಗಿ ಅಪರಿಚಿತರ ಮನೆಯಲ್ಲಿ ಏನು ಹೇಳಬೇಕೋ ಅದನ್ನೇ ಹೇಳಿದಳು.

“ಅಯ್ಯೋ, ಬೇಡ.”

“ಸರಿ.”

ಟಪ್! ಮುಚ್ಚಳ ಬಿತ್ತು.

ಮತ್ತೆ ಕೇಳಲೇ ಇಲ್ಲವಲ್ಲ! ‘ಪರವಾಗಿಲ್ಲ, ತಗೊಳ್ಳಿ’ ಅನ್ನುವುದೂ ಬೇಡವೇ? ತಲೆಯೆತ್ತಿದರೆ ಅವನ ಕಣ್ಣು ಅವಳ ಮೇಲೇ ಇತ್ತು. ಆ ಕಣ್ಣಲ್ಲಿ ಜಿಪುಣತನ ಒಂಚೂರೂ ಇರಲಿಲ್ಲ. ಕಷ್ಟ ಶುರುವಾದದ್ದೇ ಅಲ್ಲಿ...

ಅದು ತೊಂಬತ್ತೆಂಟರ ವಸಂತ, ಹಾರ್ಲೆಮ್‌ನಲ್ಲಿ ತ್ಯಾಗರಾಜನ ಬಾಡಿಗೆ ಮನೆ. ಬೆಂಗಳೂರಿನವನೇ ಆದರೂ ಅವನು ಹಾಲೆಂಡಿಗೆ ಬಂದು ವರ್ಷಗಳಾಗಿದ್ದವು. ಇಲ್ಲಿ ಬೇಡವೆಂದರೆ ಬೇಡ. ಮತ್ತೆ ಕೇಳಿದರೆ ಪೀಡಿಸಿದ ಹಾಗೆ. ಆ ಪಾಠವನ್ನು ಅವನು ಚೆನ್ನಾಗಿಯೇ ಕಲಿತಿದ್ದ. ಊರ್ಮಿಳಾ ಆಗಷ್ಟೇ ಬಂದವಳು. ಅವಳ ರೂಮ್‌ಮೇಟ್ ರಜನಿ, ತ್ಯಾಗರಾಜನ ಆಫೀಸಿನ ಗೆಳೆಯ ತೌಸಿಫ್ ಕೂಡ ಸೇರಿ, ನಾಲ್ವರೂ ಕೂತು ಇಟಲಿ ಪ್ರವಾಸದ ಯೋಜನೆ ಹಾಕುತ್ತಿದ್ದರು.

ಹೊರಟೂಬಿಟ್ಟರು. ಬೆನ್ನ ಮೇಲೆ ಬ್ಯಾಗು, ಬ್ಯಾಗಿನೊಳಗೆ ಗೊಜ್ಜವಲಕ್ಕಿ.

ವೆನಿಸ್‌ನ ಮೆಟ್ಟಿಲುಗಳಲ್ಲಿ ಅವನು, “ಬ್ಯಾಗ್ ಹಿಡ್ಕೊಳ್ಲಾ?” ಅಂದ. ಅವಳು “ಬೇಡ ಬೇಡ” ಅಂದಳು. ಹಿಡಿಯಲಿಲ್ಲ! ಆದರೆ ಅವಳ ಹೆಜ್ಜೆಗೆ ಹೊಂದಿಕೊಂಡು ನಿಧಾನವಾಗಿ ನಡೆದ. ಫ್ಲಾರೆನ್ಸ್‌ನಲ್ಲಿ ಚರ್ಚಿನ ಗುಮ್ಮಟದ ಎತ್ತರಕ್ಕೆ ಹೆದರಿ ಕೆಳಗೇ ಉಳಿದವಳ ಪಕ್ಕ ಅವನೂ ಕೂತ.

“ಐನೂರು ವರ್ಷದ ಗುಮ್ಮಟ, ಗುರು! ನೀನು ಇಲ್ಲಿ ಕೂತು ಅವಳ ಚಪ್ಪಲಿ ಕಾಯ್ತಿದೀಯಾ?” ಇಳಿದು ಬಂದ ತೌಸಿಫ್ ರೇಗಿಸಿದ.

ಸಿಯೆನಾದ ಇಳಿಜಾರು ಚೌಕದಲ್ಲಿ, ಸಂಜೆಯ ಬಿಸಿ ಇನ್ನೂ ಆರದ ಇಟ್ಟಿಗೆಯ ಮೇಲೆ ಇಬ್ಬರೇ ಕೂತಿದ್ದಾಗ ಅವನು ಗಂಟಲು ಸರಿಮಾಡಿಕೊಂಡ.

“ಊರ್ಮಿಳಾ... ನಿಮ್ಮ ತಂದೆಗೆ ಫೋನ್ ಮಾಡಿ ನಮ್ಮಿಬ್ಬರ ವಿಷಯ ಮಾತಾಡ್ಲಾ?”

ಅವಳ ಎದೆ ಹಾರಿ ಆ ಚೌಕವನ್ನು ಒಂದು ಸುತ್ತು ಹಾಕಿ ಬಂತು. ಬಾಯಿ ಮಾತ್ರ ಮೈಸೂರಿನಲ್ಲೇ ಇತ್ತು.

“ಅಯ್ಯೋ... ಅದೆಲ್ಲ ಯಾಕೆ? ಬೇಡ.”

ಅವನ ಮುಖ ಬಿಳಿಚಿತು. “ಸರಿ,” ಅಂದ.

ಇನ್ನೊಂದು ಸಲ ಕೇಳಿ... ದಯವಿಟ್ಟು! ಅವಳು ರೋಮ್‌ವರೆಗೂ ಕಾದಳು. ವಾಪಸು ಬರುವ ರೈಲಿನಲ್ಲಿ ಆಲ್ಪ್ಸ್ ಪರ್ವತ ಪೂರ್ತಿ ಮುಗಿಯುವವರೆಗೂ ಕಾದಳು. ಅವನು ಕಿಟಕಿಯಾಚೆಯ ಹಸುಗಳನ್ನು ನೋಡುತ್ತಿದ್ದ.

ಹಾರ್ಲೆಮ್‌ಗೆ ಮರಳಿದ ಮೇಲೆ ಫೋನ್ ರಿಂಗಾದಾಗಲೆಲ್ಲ ಅವಳೇ ಮೊದಲು ಓಡುತ್ತಿದ್ದಳು. ಒಮ್ಮೆಯೂ ಅವನದಲ್ಲ. ತಿಂಗಳು ತುಂಬುವುದರೊಳಗೆ ರಜನಿ ಸುದ್ದಿ ತಂದಳು.

“ತ್ಯಾಗರಾಜ್ ಕೇಳಿ ಕೇಳಿ ಆ ಉತ್ತರದ ತುದೀಲಿರೋ ಗ್ರೋನಿಂಗನ್‌ಗೆ ಟ್ರಾನ್ಸ್‌ಫರ್ ತಗೊಂಡಿದಾರೆ ಕಣೇ! ಇವತ್ತೇ ಹೊರಡ್ತಿದಾರೆ. ಏನಂದೆ ನೀನು ಅವರಿಗೆ?”

“ಬೇಡ ಅಂದೆ... ಸುಮ್ನೆ.”

“ಸುಮ್ನೆ?!”

“ತಕ್ಷಣ ಹೂಂ ಅಂದ್ರೆ ಕಾಯ್ತಾ ಕೂತಿದ್ಳು ಅನ್ಕೊಳಲ್ವಾ? ಮೂರು ಸಲನಾದ್ರೂ ಕೇಳ್ಬೇಕಲ್ವಾ?”

“ಇದೇನು ನಿಮ್ಮಮ್ಮ ಬಡಿಸೋ ಹೋಳಿಗೆನಾ? ಓಡು!”

ಅವಳು ಸೈಕಲ್ ತುಳಿದಳು. ಹೋಗಿಬಿಟ್ಟಿದ್ದರೆ? ಬಾಗಿಲಿಗೆ ಬೀಗ ಬಿದ್ದಿದ್ದರೆ? ಸ್ಪಾರ್ನೆ ನದಿಯ ಹತ್ತಿರ ಬರುವಷ್ಟರಲ್ಲಿ ಗಂಟೆ ಬಾರಿಸಿ, ದೋಣಿಯೊಂದಕ್ಕೆ ದಾರಿ ಬಿಡಲು ಸೇತುವೆ ಮೇಲೆದ್ದಿತು. ಆಚೆ ದಡದಲ್ಲಿ, ಬ್ಯಾಗು ಹೊತ್ತು ಸ್ಟೇಷನ್ನಿಗೆ ಹೊರಟಿದ್ದ ತ್ಯಾಗರಾಜ!

ಸೇತುವೆ ಇಳಿಯುವ ಹೊತ್ತಿಗೆ ನನ್ನ ಧೈರ್ಯವೂ ಇಳಿದುಹೋದರೆ?

“ಅಪ್ಪನಿಗೆ ಫೋನ್ ಮಾಡಿ!” ಅವಳು ಕೂಗಿದಳು.

“ಯಾಕೆ? ಹುಷಾರಿಲ್ವಾ ಅವರಿಗೆ?”

“ಅವರು ಚೆನ್ನಾಗಿದಾರೆ! ನಾನೇ... ನಾನೇ ಚೆನ್ನಾಗಿಲ್ಲ! ನನಗೆ ನೀವು ಬೇಕು!”

ಸೈಕಲ್ ಹಿಡಿದು ಕಾಯುತ್ತಿದ್ದ ಡಚ್ಚರಿಗೆ ಕನ್ನಡ ಬಾರದು. ಆದರೂ ಎಲ್ಲರೂ ತಿರುಗಿ ತ್ಯಾಗರಾಜನ ಉತ್ತರಕ್ಕೆ ಕಾದರು. ದೋಣಿಯವನಂತೂ ವೇಗವನ್ನೇ ತಗ್ಗಿಸಿದ.

ಸೇತುವೆ ಇಳಿದದ್ದೇ ಅವನು ಓಡಿ ಬಂದ.

“ಸಿಯೆನಾದಲ್ಲಿ ಬೇಡ ಅಂದ್ರಲ್ಲಾ...” ಅವನು ಬ್ಯಾಗು ಕೆಳಗಿಟ್ಟ. “ಮತ್ತೆ ಕೇಳಿದ್ರೆ ನಿಮಗೆ ಹಿಂಸೆ ಅನ್ಕೊಂಡೆ.”

“ಕೇಳ್ದೇ ಇದ್ದಿದ್ದೇ ಹಿಂಸೆ ಆಯ್ತು. ಆದ್ರೆ ತಪ್ಪು ನಂದೇ. ಬೇಕಾದ್ದನ್ನ ಬೇಕು ಅಂತ ನಾನೇ ಹೇಳ್ಬೇಕಿತ್ತು.”

ಅವನು ಮೆಲ್ಲನೆ ಅವಳ ಕೈ ಹಿಡಿದ. ಮರುಕ್ಷಣವೇ ಮುಖದಲ್ಲಿ ಹೊಸ ಆತಂಕ.

“ನಿಮ್ಮಪ್ಪ ಬೇಡ ಅಂದ್ಬಿಟ್ರೆ?”

“ಮೊದಲನೇ ಸಲ ಖಂಡಿತ ಅಂತಾರೆ. ಫೋನ್ ಇಟ್ಬಿಡ್ಬೇಡಿ, ಅಷ್ಟೇ.”

“ಇಡಲ್ಲ,” ಅಂದ ಅವನು, ಹಿಡಿದ ಕೈಯನ್ನೂ ಬಿಡದೆ.